ಉಡುಪಿನ ನಿಯಮ ಬರೆಯುವವರಿಗೆ: ಪ್ರತಿ ಸಾಲಿನ ಪಕ್ಕದಲ್ಲೂ ಕಾರಣ ಬರೆಯಿರಿ

ಮಾನ್ಯ ಕುಲಪತಿಗಳಿಗೆ, ಕುಲಸಚಿವರಿಗೆ ಮತ್ತು ವಿದ್ಯಾರ್ಥಿಗಳ ವಸ್ತ್ರಸಂಹಿತೆಯ ಕರಡು ಬರೆಯಲು ಕೂತಿರುವ ಸಮಿತಿಗಳ ಸದಸ್ಯರಿಗೆ,

ನಮಸ್ಕಾರ.

ಇದು ಯಾವುದೋ ಒಂದು ವಿಶ್ವವಿದ್ಯಾಲಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪತ್ರವಲ್ಲ. ತರಗತಿಗೆ ಏನು ಹಾಕಿಕೊಂಡು ಬರಬೇಕು, ಏನು ಹಾಕಿಕೊಂಡು ಬರಬಾರದು ಎಂಬ ಸುತ್ತೋಲೆ ಎಲ್ಲಿಯೇ ತಯಾರಾಗಲಿ, ಅದರ ಧಾಟಿ ಹೆಚ್ಚುಕಡಿಮೆ ಒಂದೇ. ಸಭ್ಯ ಉಡುಪು ಧರಿಸತಕ್ಕದ್ದು. ಸಂಸ್ಥೆಯ ಘನತೆಗೆ ಕುಂದು ತರುವ ಉಡುಪು ನಿಷಿದ್ಧ. ತಪ್ಪಿದಲ್ಲಿ ಶಿಸ್ತುಕ್ರಮ. ಕೆಳಗೆ ಸಹಿ, ಮೊಹರು. ಯಾಕೆ ಎಂಬುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅದರಲ್ಲಿರುತ್ತದೆ.

ನನ್ನ ಕೋರಿಕೆ ಚಿಕ್ಕದು. ನಿಯಮದ ಪ್ರತಿ ಸಾಲಿನ ಪಕ್ಕದಲ್ಲೂ ಅದರ ಕಾರಣವನ್ನು ಅಚ್ಚು ಹಾಕಿಸಿ. ಆ ಕಾರಣ ಬಟ್ಟೆ ಏನು ಮಾಡುತ್ತದೆ ಎಂಬುದರ ಬಗ್ಗೆ ಇರಲಿ. ಅದನ್ನು ನೋಡಿದವರಿಗೆ ಏನನ್ನಿಸುತ್ತದೆ ಎಂಬುದನ್ನು ಅಲ್ಲಿ ತರಬೇಡಿ. ಕಾರಣ ಬರೆಯಲು ಆಗದ ಸಾಲು ಇದ್ದರೆ ಅದನ್ನು ಹೊಡೆದುಹಾಕಿ.

ನಾನು ಪಾಠ ಮಾಡುವುದು ರಸಾಯನಶಾಸ್ತ್ರ. ಹಾಗಾಗಿ ಉಡುಪಿಗೆ ನಿಯಮವೇ ಬೇಡ ಎನ್ನುವವರ ಪಟ್ಟಿಗೆ ನನ್ನನ್ನು ಸೇರಿಸಬೇಡಿ. ಪ್ರಯೋಗಾಲಯದ ಬಾಗಿಲಲ್ಲಿ ನಾನು ನಿಮಗಿಂತ ಕಟ್ಟುನಿಟ್ಟು. ಕಾಲ್ಬೆರಳು ಕಾಣುವ ಚಪ್ಪಲಿ ಹಾಕಿ ಬಂದವರನ್ನು ಒಳಗೆ ಬಿಡುವುದಿಲ್ಲ; ಅವರು ತರಗತಿಗೆ ಮೊದಲಿಗರಾದರೂ ಅಷ್ಟೇ. ಗಾಜಿನ ಬೀಕರ್ ಒಡೆದು ಆಮ್ಲ ಕೆಳಗೆ ಬಿದ್ದರೆ ಅದು ಮೊದಲು ಮುಟ್ಟುವುದು ಪಾದವನ್ನು. ಉದ್ದ ಕೂದಲು ಕಟ್ಟಿರಬೇಕು, ಯಾಕೆಂದರೆ ಬುನ್ಸೆನ್ ಬರ್ನರಿನ ಜ್ವಾಲೆ ಬೆಳಕಿನಲ್ಲಿ ಸರಿಯಾಗಿ ಕಣ್ಣಿಗೆ ಬೀಳುವುದಿಲ್ಲ. ನೈಲಾನ್, ಪಾಲಿಯೆಸ್ಟರ್ ಮೇಲಂಗಿಗಿಂತ ಹತ್ತಿಯದು ಲೇಸು. ಹತ್ತಿಯೂ ಉರಿಯುತ್ತದೆ, ಆದರೆ ಕರಗುವುದಿಲ್ಲ. ಕೃತಕ ನೂಲು ಕರಗಿ ಚರ್ಮಕ್ಕೆ ಅಂಟಿಕೊಂಡು, ಸುಟ್ಟ ಗಾಯವನ್ನು ಇನ್ನಷ್ಟು ಆಳ ಮಾಡುತ್ತದೆ. ನೋಡಿ, ಇಷ್ಟು ಹೇಳಿದ ಮೇಲೆ ಯಾವ ವಿದ್ಯಾರ್ಥಿಯೂ ನನ್ನ ಜೊತೆ ವಾದಕ್ಕೆ ನಿಲ್ಲುವುದಿಲ್ಲ.

ಇದು ಬರೀ ಪುಸ್ತಕದ ಮಾತಲ್ಲ. 2008ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ 23 ವರ್ಷದ ಸಂಶೋಧನಾ ಸಹಾಯಕಿಯೊಬ್ಬರು ಟರ್ಟ್-ಬ್ಯೂಟೈಲ್ ಲಿಥಿಯಂ ಎಂಬ ದ್ರಾವಣವನ್ನು ಸಿರಿಂಜಿಗೆ ಎಳೆದುಕೊಳ್ಳುತ್ತಿದ್ದರು. ಗಾಳಿ ಸೋಕಿದರೆ ಸಾಕು, ತಾನಾಗಿ ಹೊತ್ತಿಕೊಳ್ಳುವ ವಸ್ತು ಅದು. ಸಿರಿಂಜಿನ ಪ್ಲಂಜರ್ ಕಳಚಿಕೊಂಡಿತು. ಮೈಮೇಲೆ ಕೃತಕ ನೂಲಿನ ಸ್ವೆಟರ್ ಇತ್ತು, ಲ್ಯಾಬ್ ಕೋಟ್ ಇರಲಿಲ್ಲ. 18 ದಿನಗಳ ನಂತರ, 2009ರ ಜನವರಿಯಲ್ಲಿ, ಅವರು ತೀರಿಕೊಂಡರು. 2011ರಲ್ಲಿ ಯೇಲ್ ವಿಶ್ವವಿದ್ಯಾಲಯದ ಯಂತ್ರಾಗಾರದಲ್ಲಿ ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬರ ಕೂದಲು ತಿರುಗುವ ಲೇತ್ ಯಂತ್ರಕ್ಕೆ ಸಿಕ್ಕಿಕೊಂಡು ಅವರು ಪ್ರಾಣ ಕಳೆದುಕೊಂಡರು. ಉಡುಪು ಮತ್ತು ಕೂದಲಿನ ನಿಯಮ ಜೀವ ಉಳಿಸುವ ಜಾಗಗಳು ಇವು. ಇಲ್ಲಿ ನೀವು ಎಷ್ಟು ಬಿಗಿಯಾದ ನಿಯಮ ಮಾಡಿದರೂ ನನ್ನ ಸಹಿ ಇದೆ.

ಆದರೆ ಇದೇ ಲೇತ್ ಯಂತ್ರದ ಮುಂದೆ ಇನ್ನೊಂದು ಸಂಗತಿಯನ್ನೂ ಗಮನಿಸಿ. ಯಂತ್ರಾಗಾರದ ಸುರಕ್ಷತಾ ನಿಯಮಗಳಲ್ಲಿ ತೆಗೆದಿಡಬೇಕಾದ ವಸ್ತುಗಳಲ್ಲಿ ಟೈ ಕೂಡ ಒಂದು. ಸಡಿಲ ತೋಳು, ಉಂಗುರ, ಕೈಗವಸುಗಳೂ ಅದೇ ಪಟ್ಟಿಯಲ್ಲಿವೆ. ನಿಮ್ಮ ಸುತ್ತೋಲೆಯ ಪ್ರಕಾರ ಅತ್ಯಂತ ಸಭ್ಯನಾದ ಹುಡುಗ, ಅಂದರೆ ಪೂರ್ತಿ ತೋಳಿನ ಅಂಗಿ ತೊಟ್ಟು ಟೈ ಕಟ್ಟಿಕೊಂಡು ಬಂದವನು, ಯಂತ್ರದ ಮುಂದೆ ಅತ್ಯಂತ ಅಪಾಯದಲ್ಲಿರುವವನು.

ಆಸ್ಪತ್ರೆಯಲ್ಲೂ ಇದೇ ಕಥೆ. 2007ರಲ್ಲಿ ಬ್ರಿಟನ್ನಿನ ಆರೋಗ್ಯ ಇಲಾಖೆ ರೋಗಿಗಳನ್ನು ಮುಟ್ಟುವ ಸಿಬ್ಬಂದಿಗೆ ಮೊಣಕೈಯಿಂದ ಕೆಳಗೆ ಏನೂ ಇರಬಾರದು ಎಂಬ ಸೂಚನೆ ಕೊಟ್ಟಿತು: ಉದ್ದ ತೋಳು ಬೇಡ, ಕೈಗಡಿಯಾರ ಬೇಡ, ಟೈ ಬೇಡ. ಕೈಯನ್ನು ಮಣಿಕಟ್ಟಿನವರೆಗೂ ಸರಿಯಾಗಿ ತೊಳೆಯಲು ಆಗಬೇಕು ಎಂಬುದು ಕಾರಣ. ತಲೆತಲಾಂತರದಿಂದ ವೈದ್ಯರ ಗಾಂಭೀರ್ಯಕ್ಕೆ ಗುರುತಾಗಿದ್ದ ಉದ್ದ ತೋಳಿನ ಬಿಳಿ ಕೋಟು ಅಲ್ಲಿನ ವಾರ್ಡುಗಳಿಂದ ಹೀಗೆ ಹೊರಬಿತ್ತು. ಮುಂದೆ, ಧಾರ್ಮಿಕ ಕಾರಣಕ್ಕೆ ಮುಂಗೈ ಮುಚ್ಚಿಕೊಳ್ಳಲು ಬಯಸುವ ಸಿಬ್ಬಂದಿಯ ಪ್ರಶ್ನೆ ಬಂತು. 2010ರ ಪರಿಷ್ಕೃತ ಮಾರ್ಗಸೂಚಿ ಅದಕ್ಕೊಂದು ದಾರಿ ತೋರಿಸಿತು: ಒಮ್ಮೆ ಬಳಸಿ ಎಸೆಯುವ ತೋಳುಗವಸು ಹಾಕಿಕೊಳ್ಳಬಹುದು, ಆದರೆ ಕೈಗವಸಿನಂತೆಯೇ ಪ್ರತಿ ರೋಗಿಗೂ ಬದಲಿಸಬೇಕು. ಜಗಳಕ್ಕೆ ಎಷ್ಟೋ ಅವಕಾಶವಿತ್ತು. ನಿಯಮದ ಉದ್ದೇಶ ಸೋಂಕು ತಡೆಯುವುದು ಎಂದು ಮೊದಲೇ ಬರೆದಿಟ್ಟಿದ್ದರಿಂದ, ಸೋಂಕನ್ನೂ ತಡೆದು ಮುಂಗೈಯನ್ನೂ ಮುಚ್ಚುವ ಉಪಾಯ ಹುಡುಕಲು ಸಾಧ್ಯವಾಯಿತು. ಕಾರಣವೇ ಇಲ್ಲದ ನಿಯಮದಲ್ಲಿ ಇಂಥ ರಾಜಿಗೆ ಜಾಗ ಎಲ್ಲಿದೆ? ಏನನ್ನು ಕಾಪಾಡಬೇಕು ಎಂದು ಗೊತ್ತಿದ್ದರೆ ತಾನೇ ಏನನ್ನು ಬಿಟ್ಟುಕೊಡಬಹುದು ಎಂದು ಗೊತ್ತಾಗುವುದು.

ಈಗ ಉಪನ್ಯಾಸದ ಕೊಠಡಿಗೆ ಬನ್ನಿ. ಅಲ್ಲಿ ಬೆಂಕಿ ಇಲ್ಲ, ತಿರುಗುವ ಯಂತ್ರ ಇಲ್ಲ, ರೋಗಿ ಇಲ್ಲ. ಒಬ್ಬರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಕೆಲವರು ತೂಕಡಿಸುತ್ತಾರೆ. ಈ ಕೆಲಸಗಳಿಗೆ ಅರ್ಧ ತೋಳಿನ ಅಂಗಿಯಿಂದ, ಹರಿದ ಜೀನ್ಸಿನಿಂದ, ತಲೆಯ ಮೇಲಿನ ವಸ್ತ್ರದಿಂದ ಏನು ತೊಂದರೆ? ಈ ಪ್ರಶ್ನೆ ಕೇಳಿದಾಗ ಬರುವ ಉತ್ತರಗಳು ನಾಲ್ಕೈದು. ಅವನ್ನು ನಾನು ಗೌರವದಿಂದಲೇ ಕೇಳಿಸಿಕೊಂಡಿದ್ದೇನೆ.

ಗಮನ ಚದುರುತ್ತದೆ ಎಂಬುದು ಮೊದಲನೆಯದು. ಕಾರ್ನೆಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಹಾಕಿಕೊಳ್ಳಲು ಮುಜುಗರವಾಗುವಂಥ ಟೀ ಶರ್ಟನ್ನು ಒಬ್ಬ ವಿದ್ಯಾರ್ಥಿಗೆ ತೊಡಿಸಿ, ಇತರರು ಕೂತಿದ್ದ ಕೊಠಡಿಯೊಳಗೆ ಕಳಿಸಿದರು. ಅಂಗಿಯ ಮೇಲೆ ಇದ್ದದ್ದು ಯಾರ ಚಿತ್ರ ಎಂದು ಎಷ್ಟು ಮಂದಿ ಗಮನಿಸಿರಬಹುದು ಎಂದು ಕೇಳಿದರೆ, ತೊಟ್ಟವರು ಅಂದಾಜು ಮಾಡಿದ್ದು ಸುಮಾರು ಅರ್ಧದಷ್ಟು ಜನ. ನಿಜವಾಗಿ ಗಮನಿಸಿದ್ದವರು ಸುಮಾರು ಕಾಲು ಭಾಗ. ಜನ ನಮ್ಮ ಬಟ್ಟೆಯನ್ನು ನಾವಂದುಕೊಂಡಷ್ಟು ನೋಡುವುದಿಲ್ಲ. ನನ್ನ ತರಗತಿಯಲ್ಲಿ ಗಮನ ಚದುರಿಸುವುದು ಮೊಬೈಲು, ನಂತರ ಕೆಟ್ಟ ಫ್ಯಾನು, ನಂತರ, ಒಪ್ಪಿಕೊಳ್ಳಲೇಬೇಕು, ನೀರಸ ಪಾಠ. ಬಟ್ಟೆಯ ಸರದಿ ಬರುವ ಹೊತ್ತಿಗೆ ಗಂಟೆ ಹೊಡೆದಿರುತ್ತದೆ.

ಒಳ್ಳೆಯ ಬಟ್ಟೆ ತೊಟ್ಟರೆ ಓದಿನಲ್ಲಿ ಮನಸ್ಸು ನಿಲ್ಲುತ್ತದೆ ಎನ್ನುವವರೂ ಇದ್ದಾರೆ. ಅವರ ಕೈಯಲ್ಲಿ ಒಂದು ಅಧ್ಯಯನವೂ ಇರುತ್ತದೆ: 2012ರಲ್ಲಿ ಪ್ರಕಟವಾದದ್ದು, ವೈದ್ಯರ ಕೋಟು ಎಂದು ಹೇಳಿ ತೊಡಿಸಿದ ಬಿಳಿ ಕೋಟು ಗಮನವನ್ನು ಹೆಚ್ಚಿಸಿತು ಎಂದು ಹೇಳಿದ್ದು. 2019ರಲ್ಲಿ ಹೆಚ್ಚು ಜನರನ್ನಿಟ್ಟುಕೊಂಡು ಅದರ ಮೊದಲ ಪ್ರಯೋಗವನ್ನು ಮತ್ತೆ ಮಾಡಿದಾಗ ಆ ಫಲಿತಾಂಶ ಸಿಗಲಿಲ್ಲ ಎಂಬುದನ್ನು ಯಾರೂ ಕಡತಕ್ಕೆ ಸೇರಿಸಿರುವುದಿಲ್ಲ. ಇನ್ನು ಉದ್ಯೋಗಕ್ಕೆ ತಯಾರಿ ಎಂಬ ವಾದ. ಕೋಟು ಟೈಗಳಿಗೆ ಹೆಸರಾದ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕೇ 2019ರಲ್ಲಿ ತನ್ನ ನೌಕರರ ಉಡುಪಿನ ನಿಯಮ ಸಡಿಲಿಸಿತು. ಸಂದರ್ಶನಕ್ಕೆ ಹೇಗೆ ಹೋಗಬೇಕೆಂದು ಒಂದು ಮಧ್ಯಾಹ್ನ ಕೂರಿಸಿ ಹೇಳಿಕೊಟ್ಟರೆ ಮುಗಿಯಿತು, ಅದಕ್ಕೆ ಮೂರು ವರ್ಷ ಇಸ್ತ್ರಿ ಮಾಡಿಸುವ ಅಗತ್ಯ ಇಲ್ಲ.

ಸಮಾನತೆಯ ವಾದವನ್ನು ಮಾತ್ರ ಹೀಗೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಎರಡೇ ಜೊತೆ ಬಟ್ಟೆಯಲ್ಲಿ ವಾರ ಸಾಗಿಸುವ ಹುಡುಗಿಗೆ, ಎಲ್ಲರದೂ ಒಂದೇ ಬಣ್ಣ ಎಂದಾಗ ಆಗುವ ನಿರಾಳ ಸುಳ್ಳಲ್ಲ. ನಿನ್ನೆಯದನ್ನೇ ಇಂದೂ ತೊಟ್ಟಿದ್ದಾಳೆ ಎಂದು ಯಾರೂ ಪಿಸುಗುಟ್ಟುವಂತಿಲ್ಲ. ಸಮವಸ್ತ್ರ ಬೇಕು ಎಂದು ವಿದ್ಯಾರ್ಥಿಗಳೇ ಕೇಳಿದ್ದನ್ನು ನಾನು ಕಂಡಿದ್ದೇನೆ. ಅವರನ್ನು ಹಿಂದುಳಿದ ಯೋಚನೆಯವರು ಎಂದು ಹಂಗಿಸುವ ಸಹೋದ್ಯೋಗಿಗಳು ನನಗೆ ಇಷ್ಟವಾಗುವುದಿಲ್ಲ. ಆದರೆ ಬಡತನ ಬರೀ ಅಂಗಿಯಲ್ಲಿ ಕಾಣುವಂಥದಲ್ಲವಲ್ಲ. ಬೂಟಿನಲ್ಲಿ ಕಾಣುತ್ತದೆ, ಫೋನಿನಲ್ಲಿ ಕಾಣುತ್ತದೆ, ಸಂಜೆ ಕ್ಯಾಂಟೀನಿಗೆ ಕರೆದರೆ ಹಸಿವಿಲ್ಲ ಎನ್ನುವುದರಲ್ಲಿ ಕಾಣುತ್ತದೆ. ಸಾಲದ್ದಕ್ಕೆ ಸಮವಸ್ತ್ರಕ್ಕೆ ದುಡ್ಡು ಬೇಕು, ಹೊಲಿಗೆಗೆ ದುಡ್ಡು ಬೇಕು, ಒಗೆದು ಒಣಗಿಸಲು ಇನ್ನೊಂದು ಜೊತೆ ಬೇಕು. ಕಪ್ಪು ಬೂಟು ಕಡ್ಡಾಯ ಎಂದು ಬರೆಯುವುದು ನಿಮಗೆ ಒಂದು ಸಾಲು, ಅದು ಕೆಲವು ಮನೆಗಳಲ್ಲಿ ತಿಂಗಳ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. ಸಮಾನತೆಯೇ ನಿಮ್ಮ ಕಾರಣವಾದರೆ ಅದನ್ನು ಬರೆಯಿರಿ, ಜೊತೆಗೆ ಬಟ್ಟೆಯ ಖರ್ಚು ವಿಶ್ವವಿದ್ಯಾಲಯದ್ದು ಎಂದೂ ಬರೆಯಿರಿ. ಆ ಎರಡನೆಯ ವಾಕ್ಯ ಬರೆಯಲು ಹಣಕಾಸು ಅಧಿಕಾರಿ ಒಪ್ಪದಿದ್ದರೆ, ಮೊದಲನೆಯದರ ತೂಕ ಎಷ್ಟೆಂದು ನಿಮಗೇ ತಿಳಿಯುತ್ತದೆ.

ವಿದ್ಯಾರ್ಥಿಗಳನ್ನು ಕೇಳಿದರೆ ಎಲ್ಲ ನಿಯಮವನ್ನೂ ಕಿತ್ತೆಸೆಯುತ್ತಾರೆ ಎಂಬ ಭಯವೂ ಅಷ್ಟೇನೂ ನಿಜವಲ್ಲ. ಆಕ್ಸ್‌ಫರ್ಡಿನಲ್ಲಿ ಪರೀಕ್ಷೆಗೆ ಸಬ್‌ಫಸ್ಕ್ ಎಂಬ ಕಪ್ಪು ಬಿಳುಪಿನ ಉಡುಪಿನ ಮೇಲೆ ಗೌನು ತೊಟ್ಟು ಬರುವ ಹಳೆಯ ಪದ್ಧತಿ ಇದೆ. ಅದು ಬೇಕೇ ಬೇಡವೇ ಎಂದು 2015ರಲ್ಲಿ ವಿದ್ಯಾರ್ಥಿಗಳ ಮತ ಕೇಳಿದರು. ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಮಂದಿ ಉಳಿಯಲಿ ಎಂದರು! ವೈಯಕ್ತಿಕವಾಗಿ ನನಗೆ ಆ ಗೌನು ನಾಟಕದ ವೇಷದಂತೆ ಕಾಣುತ್ತದೆ, ಇರಲಿ. ಕೇಳಿದ್ದರಿಂದ ಅದು ಅವರದಾಯಿತು. ಅದಕ್ಕೂ ಮೂರು ವರ್ಷ ಮೊದಲು, 2012ರಲ್ಲಿ, ಅದೇ ವಿಶ್ವವಿದ್ಯಾಲಯ ಆ ಉಡುಪಿನ ನಿಯಮದಿಂದ ಗಂಡು ಹೆಣ್ಣೆಂಬ ಭೇದವನ್ನು ತೆಗೆದುಹಾಕಿತ್ತು. ನಿಮ್ಮ ಕರಡಿನಲ್ಲಿ ಎಡಕ್ಕೊಂದು ಬಲಕ್ಕೊಂದು ಎರಡು ಕಾಲಂ ಇದ್ದರೆ, ಯಾವುದರಲ್ಲಿ ನಿಲ್ಲಬೇಕೆಂದು ತಿಳಿಯದೆ ಗೇಟಿನಲ್ಲೇ ನಿಲ್ಲುವ ವಿದ್ಯಾರ್ಥಿಗಳನ್ನು ನೆನಪಿಸಿಕೊಳ್ಳಿ. ಭಾರತದ ಸುಪ್ರೀಂ ಕೋರ್ಟ್ 2014ರ ಏಪ್ರಿಲ್‌ನಲ್ಲಿ ತೃತೀಯ ಲಿಂಗಿಗಳ ಹಕ್ಕುಗಳ ಕುರಿತ ತೀರ್ಪಿನಲ್ಲಿ, ಉಡುಪಿನ ಮೂಲಕ ತನ್ನ ಲಿಂಗತ್ವವನ್ನು ವ್ಯಕ್ತಪಡಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಹೇಳಿದೆ.

ಇನ್ನು ಎಲ್ಲರೂ ಕಾಯುತ್ತಿರುವ ವಿಷಯ, ಧರ್ಮ.

1998ರ ಫೆಬ್ರವರಿಯಲ್ಲಿ ಇಸ್ತಾಂಬುಲ್ ವಿಶ್ವವಿದ್ಯಾಲಯದ ಕುಲಪತಿ ಒಂದು ಸುತ್ತೋಲೆ ಹೊರಡಿಸಿದರು: ತಲೆವಸ್ತ್ರ ತೊಟ್ಟವರನ್ನು, ಗಡ್ಡ ಬಿಟ್ಟವರನ್ನು ತರಗತಿಗೆ ಸೇರಿಸಬಾರದು. ಐದನೆಯ ವರ್ಷದ ವೈದ್ಯಕೀಯ ವಿದ್ಯಾರ್ಥಿನಿ ಲೇಲಾ ಶಾಹಿನ್ ಅವರನ್ನು ಮುಂದಿನ ತಿಂಗಳು ಪರೀಕ್ಷೆಯ ಕೊಠಡಿಯೊಳಗೆ ಬಿಡಲಿಲ್ಲ. ಅದು ಕ್ಯಾನ್ಸರ್ ಚಿಕಿತ್ಸಾ ವಿಷಯದ ಪರೀಕ್ಷೆ. ಅವರು ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. 2005ರ ನವೆಂಬರಿನಲ್ಲಿ ಅಲ್ಲಿನ 17 ನ್ಯಾಯಮೂರ್ತಿಗಳಲ್ಲಿ 16 ಮಂದಿ ವಿಶ್ವವಿದ್ಯಾಲಯದ ಪರ ನಿಂತರು. ಕಾನೂನಿನ ಲೆಕ್ಕದಲ್ಲಿ ಕುಲಪತಿ ಗೆದ್ದರು. ಆದರೆ 2010ರ ನಂತರ ಟರ್ಕಿಯ ವಿಶ್ವವಿದ್ಯಾಲಯಗಳಲ್ಲಿ ಆ ನಿಷೇಧವೇ ಸಡಿಲವಾಗಿ ಮರೆಯಾಯಿತು. ಅಷ್ಟರಲ್ಲಿ ಆಕೆ ವಿಯೆನ್ನಾಕ್ಕೆ ಹೋಗಿ ಅಲ್ಲಿ ಓದು ಮುಂದುವರಿಸಿ ಆಗಿತ್ತು. ಸುತ್ತೋಲೆಗೆ ಆಯುಸ್ಸು ಹನ್ನೆರಡು ಹದಿಮೂರು ವರ್ಷ, ಅದರ ಬೆಲೆ ತೆತ್ತವರ ಓದು ಮಾತ್ರ ಒಂದೇ ಸಲ ಸಿಗುವಂಥದ್ದು.

ಇದಕ್ಕೆ ತದ್ವಿರುದ್ಧವಾದದ್ದೂ ಇದೆ. 2022ರ ಡಿಸೆಂಬರಿನಲ್ಲಿ ಅಫ್ಘಾನಿಸ್ತಾನದಲ್ಲಿ ಹೆಣ್ಣುಮಕ್ಕಳನ್ನು ವಿಶ್ವವಿದ್ಯಾಲಯಗಳಿಂದ ಹೊರಹಾಕಿದಾಗ, ಅಲ್ಲಿನ ಉನ್ನತ ಶಿಕ್ಷಣ ಸಚಿವರು ಕೊಟ್ಟ ಕಾರಣಗಳಲ್ಲಿ ಒಂದು, ಅವರು ಉಡುಪಿನ ನಿಯಮ ಪಾಲಿಸುತ್ತಿಲ್ಲ, ಮದುವೆಗೆ ಹೊರಟವರ ಹಾಗೆ ಬರುತ್ತಾರೆ ಎಂಬುದು. ಒಂದು ಕಡೆ ಮುಚ್ಚಿಕೊಂಡದ್ದಕ್ಕೆ ಬಾಗಿಲು ಹಾಕಿದರು, ಇನ್ನೊಂದು ಕಡೆ ಸಾಕಷ್ಟು ಮುಚ್ಚಿಕೊಳ್ಳದ್ದಕ್ಕೆ. ಎರಡೂ ಕಡೆ ಹೊರಗುಳಿದದ್ದು ಓದುವ ಹೆಣ್ಣು. ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಚಿಹ್ನೆಗಳನ್ನು 2004ರಲ್ಲಿ ಕಾನೂನು ಮಾಡಿ ನಿಷೇಧಿಸಿದ ಫ್ರಾನ್ಸ್ ಕೂಡ ಆ ಕಾನೂನನ್ನು ವಿಶ್ವವಿದ್ಯಾಲಯಗಳಿಗೆ ಅನ್ವಯಿಸಲಿಲ್ಲ. ಅಲ್ಲಿ ಓದುವವರು ವಯಸ್ಕರು, ಮತ ಹಾಕುವವರು. ಶಾಲೆಯ ಮಕ್ಕಳಿಗೆ ಮಾಡಿದ ನಿಯಮವನ್ನು ಹಾಗೇ ಎತ್ತಿ ಪಿಎಚ್‌.ಡಿ. ಮಾಡುವವರ ಮೇಲೆ ಹೊದಿಸುವ ಸಮಿತಿಗಳು ಈ ವ್ಯತ್ಯಾಸವನ್ನು ಓದಿಕೊಂಡರೆ ಒಳ್ಳೆಯದು.

ಹಿಜಾಬ್ ಪ್ರಕರಣದಲ್ಲಿ 2022ರ ಅಕ್ಟೋಬರ್ 13ರಂದು ನಮ್ಮ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟದ್ದು ಕನ್ನಡ ಓದುವವರಿಗೆ ನೆನಪಿದೆ. ಯಾರು ಸರಿ ಎಂಬ ವಾದವನ್ನು ಇಲ್ಲಿ ಎಬ್ಬಿಸುವುದಿಲ್ಲ. ತಲೆವಸ್ತ್ರದ ಕಾರಣಕ್ಕೆ ಶಿಕ್ಷಣ ನಿರಾಕರಿಸಿ ಆ ಹುಡುಗಿಯ ಬದುಕನ್ನು ನಾವು ಉತ್ತಮಗೊಳಿಸುತ್ತಿದ್ದೇವೆಯೇ ಎಂದು ಅವರಲ್ಲೊಬ್ಬರಾದ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಕೇಳಿದ ಪ್ರಶ್ನೆ ಇದೆಯಲ್ಲ, ಅದನ್ನು ಸಮಿತಿಯ ಪ್ರತಿ ಸಭೆಯ ಕಾರ್ಯಸೂಚಿಯಲ್ಲಿ ಮೊದಲ ಐಟಂ ಮಾಡಬಹುದು. ನಿಮ್ಮ ಉತ್ತರ ಏನೇ ಇರಲಿ, ಅದು ನಡಾವಳಿಯಲ್ಲಿ ದಾಖಲಾಗಲಿ.

ಹೆಣ್ಣುಮಕ್ಕಳ ಸುರಕ್ಷತೆಗಾಗಿ ಎಂಬ ಕಾರಣ ಬರೆಯಲು ಹೊರಟವರಿಗೊಂದು ಸೂಚನೆ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳ ತಡೆಗೆ ಯುಜಿಸಿ 2015ರಲ್ಲಿ ಹೊರಡಿಸಿದ ನಿಯಮಾವಳಿ, ಸುರಕ್ಷತೆಯ ನೆಪದಲ್ಲಿ ಹಾಸ್ಟೆಲಿನ ಹುಡುಗಿಯರಿಗೆ ಹುಡುಗರಿಗಿಲ್ಲದ ಕಟ್ಟಳೆ ಹೇರಬಾರದು, ಕ್ಯಾಂಪಸ್ಸಿನ ಭದ್ರತೆ ಎಂದರೆ ಅತಿಯಾದ ಕಣ್ಗಾವಲಲ್ಲ ಎಂದು ಹೇಳುತ್ತದೆ. ಅದರ ದಾರಿ ಉಡುಪಿನ ವಿಷಯಕ್ಕೂ ಸಲ್ಲುತ್ತದೆ. ಕಿರುಕುಳ ಕೊಡುವವನ ಮೇಲೆ ದೂರು ಸಮಿತಿ ಇದೆ, ಅದಕ್ಕೆ ಕೆಲಸ ಕೊಡಿ; ಕಿರುಕುಳ ಅನುಭವಿಸುವವಳ ತೋಳಿನ ಉದ್ದ ಅಳೆಯುವುದು ಆ ಕೆಲಸಕ್ಕೆ ಬದಲಿಯಲ್ಲ.

ಅಳತೆಯ ಮಾತು ಬಂತು, ಹೇಳಿಬಿಡುತ್ತೇನೆ. ನೀವು ಸಭಾಂಗಣದಲ್ಲಿ ಕೂತು ಬರೆಯುವ ನಿಯಮವನ್ನು ಜಾರಿ ಮಾಡುವವರು ನೀವಲ್ಲ. ಬೆಳಗ್ಗೆ ಗೇಟಿನಲ್ಲಿ ನಿಂತ ಸೆಕ್ಯೂರಿಟಿಯವರು. ಗುತ್ತಿಗೆಯ ಮೇಲೆ ಕಡಿಮೆ ಸಂಬಳಕ್ಕೆ ನಿಂತಿರುವ ಆ ಮನುಷ್ಯನ ಕೈಗೆ ಸಭ್ಯತೆಯ ತಕ್ಕಡಿ ಕೊಟ್ಟು ನೀವು ಒಳಗೆ ಹೋಗಿರುತ್ತೀರಿ. ಆತ ಯಾರನ್ನು ತಡೆಯಬೇಕು? ಪ್ರಾಧ್ಯಾಪಕರ ಮಗಳನ್ನು ತಡೆಯಲಾರ. ಕಾರಿನಲ್ಲಿ ಬಂದವರನ್ನು ತಡೆಯಲಾರ. ನಡೆದು ಬಂದವಳನ್ನು ತಡೆಯುತ್ತಾನೆ, ಎಲ್ಲರೆದುರು ಮೇಲಿಂದ ಕೆಳಗೆ ನೋಡುತ್ತಾನೆ, ವಾಪಸ್ ಕಳಿಸುತ್ತಾನೆ. ಅವಳಿಗೆ ಆ ದಿನದ ಹಾಜರಾತಿ ಹೋಯಿತು, ಪ್ರಾಯೋಗಿಕ ತರಗತಿ ಇದ್ದರೆ ಅದರ ಅಂಕವೂ ಹೋಯಿತು. ಹಾಜರಾತಿ ಕಡಿಮೆ ಎಂದು ಪರೀಕ್ಷೆಗೆ ಕೂರಿಸದಿದ್ದರೆ, ಆ ಫೈಲಿನಲ್ಲಿ ಬಟ್ಟೆಯ ಪ್ರಸ್ತಾಪವೇ ಇರುವುದಿಲ್ಲ. ಮೂಗಿಗಿಂತ ಮೂಗುತಿ ಭಾರವಾಗುವುದು ಹೀಗೆ.

ಆದ್ದರಿಂದ ಕರಡನ್ನು ಜಾಗಕ್ಕೆ ತಕ್ಕಂತೆ ಒಡೆದು ಬರೆಯಿರಿ. ಪ್ರಯೋಗಾಲಯಕ್ಕೆ, ಯಂತ್ರಾಗಾರಕ್ಕೆ, ವಾರ್ಡಿಗೆ, ಆಟದ ಮೈದಾನಕ್ಕೆ ಬೇರೆ ಬೇರೆ ಹಾಳೆ ಇರಲಿ. ಆಯಾ ವಿಭಾಗದ ಅಧ್ಯಾಪಕರೇ ಅದನ್ನು ಬರೆಯಲಿ, ಬಾಗಿಲಿನ ಮೇಲೆ ಕಾರಣದ ಸಮೇತ ಅಂಟಿಸಲಿ. ಮರೆತು ಬಂದವರಿಗೆಂದು ಪ್ರತಿ ಪ್ರಯೋಗಾಲಯದಲ್ಲಿ ಒಂದಷ್ಟು ಹತ್ತಿಯ ಕೋಟುಗಳನ್ನೂ ಮುಚ್ಚಿದ ಬೂಟುಗಳನ್ನೂ ಇಡಿ, ಅದಕ್ಕೆ ಬಾಡಿಗೆ ಕೇಳಬೇಡಿ. ಪರೀಕ್ಷೆಯಲ್ಲಿ ಗುರುತು ಪರಿಶೀಲಿಸಲು ಮುಖ ನೋಡಬೇಕಾದರೆ ಮಹಿಳಾ ಸಿಬ್ಬಂದಿಯಿಂದ, ಮರೆಯಲ್ಲಿ, ಅರ್ಧ ನಿಮಿಷದಲ್ಲಿ ಅದು ಮುಗಿಯಲಿ. ಉಪನ್ಯಾಸದ ಕೊಠಡಿಗೆ ಸಂಬಂಧಿಸಿದ ಪುಟದಲ್ಲಿ ಬೇಕಾದರೆ ಒಂದೇ ವಾಕ್ಯ ಇರಲಿ: ಯಾರನ್ನಾದರೂ ಹೀನಾಯವಾಗಿ ನಿಂದಿಸುವ, ಬೆದರಿಸುವ ಬರಹ ಚಿತ್ರಗಳಿರುವ ಬಟ್ಟೆ ಬೇಡ. ಕಾರಣ ಅಲ್ಲೇ ಇದೆ, ಪಕ್ಕದಲ್ಲಿ ಕೂತವನಿಗೂ ಓದಬೇಕಾಗಿದೆ. ಉಡುಪಿನ ತಪ್ಪಿಗೆ ತರಗತಿಯಿಂದ ಹೊರಹಾಕುವ ಶಿಕ್ಷೆ, ಜೀವಕ್ಕೆ ಅಪಾಯವಿರುವ ಜಾಗಗಳನ್ನು ಬಿಟ್ಟರೆ, ಬೇರೆಲ್ಲೂ ಬೇಡ. ಎರಡು ವರ್ಷಕ್ಕೊಮ್ಮೆ ನಿಯಮ ತಾನಾಗಿ ರದ್ದಾಗಲಿ. ಮತ್ತೆ ಬೇಕೆನ್ನಿಸಿದರೆ ಮತ್ತೆ ಕಾರಣ ಬರೆದು ಪಾಸು ಮಾಡಿಸಿಕೊಳ್ಳಿ.

ಕೊನೆಯದಾಗಿ, ಸಮಿತಿಯಲ್ಲಿ ಈಗ ಇರುವವರ ಸರಾಸರಿ ವಯಸ್ಸು ಲೆಕ್ಕ ಹಾಕಿ. ನಾನೂ ಅದೇ ವಯಸ್ಸಿನವಳು, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ: ಅರ್ಧದಷ್ಟು ಸ್ಥಾನಗಳನ್ನು ವಿದ್ಯಾರ್ಥಿಗಳಿಗೆ ಬಿಟ್ಟುಕೊಡಿ, ಅವರಲ್ಲಿ ಅರ್ಧದಷ್ಟಾದರೂ ಹುಡುಗಿಯರಿರಲಿ. ಕರಡು ಸಿದ್ಧವಾದ ಮೇಲೆ ಶೈಕ್ಷಣಿಕ ವರ್ಷ ಶುರುವಾಗುವ ಮೊದಲೇ ಸೂಚನಾ ಫಲಕದಲ್ಲಿ ಹಾಕಿ, ಆಕ್ಷೇಪಣೆಗೆ ಒಂದು ತಿಂಗಳು ಕೊಡಿ. ನನ್ನ ಆಕ್ಷೇಪಣೆಗಳು ಲಿಖಿತವಾಗಿ ಬರುತ್ತವೆ. ಪ್ರತಿಯೊಂದರ ಪಕ್ಕದಲ್ಲೂ ಕಾರಣ ಇರುತ್ತದೆ.

ಇತಿ,
ರಸಾಯನಶಾಸ್ತ್ರದ ಒಬ್ಬ ಅಧ್ಯಾಪಕಿ